ಬೆಳಗಿನ ನಡುಕ

ಕಾಲು ಮುರಿದುಕೊಂಡು ಗಂಡಸರ ವಾರ್ಡಿಗೆ ಸೇರಿದವರಲ್ಲಿ ಕೆಲವರ ವಿಷಯದಲ್ಲಿ ನಮಗೆ ಭಯವಿರುತ್ತಿದ್ದದ್ದು ಮೂರನೆಯ ರಾತ್ರಿಯದು. ಮೊದಲ ದಿನ ನೋವಿನಲ್ಲೇ ಕಳೆಯುತ್ತದೆ. ಎರಡನೆಯ ದಿನ ನಿದ್ದೆ ಹತ್ತುವುದಿಲ್ಲ, ಫ್ಯಾನಿನ ಕೆಳಗೆ ಮಲಗಿದ್ದರೂ ಬೆವರುತ್ತಾರೆ, ಇಡ್ಲಿ ತಟ್ಟೆ ಹಿಡಿದ ಕೈ ಅದುರುತ್ತದೆ. ಮೂರನೆಯ ರಾತ್ರಿ ಇದ್ದಕ್ಕಿದ್ದಂತೆ ಎದ್ದು ಕೂತು ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಕೊಡವುತ್ತಾರೆ. ಡ್ರಿಪ್ ಕಿತ್ತೆಸೆಯುತ್ತಾರೆ. "ಹಸ ಬಿಚ್ಕಂಡು ಹೋಯ್ತು, ಹಿಡ್ಕಂಬತ್ತೀನಿ" ಎಂದು ಮುರಿದ ಕಾಲಲ್ಲೇ ಮಂಚದಿಂದ ಇಳಿಯಲು ಹೋಗುತ್ತಾರೆ. ಜೊತೆಗಿದ್ದ ತಾಯಿಯೋ ಹೆಂಡತಿಯೋ ಬೆದರಿ, ಆಸ್ಪತ್ರೆಯಲ್ಲಿ ಗಾಳಿ ಸೋಕಿತು ಎಂದು ಬೆಳಗಾಗುವುದರೊಳಗೆ ಯಂತ್ರ ಕಟ್ಟಿಸಲು ಆಳು ಕಳಿಸಿರುತ್ತಾರೆ.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು ನಾನು. ಸರ್ವೀಸಿನ ಬಹುಪಾಲು ಗಂಡಸರ ವಾರ್ಡಿನಲ್ಲೇ ಕಳೆಯಿತು. ಈ ಮೂರನೆಯ ರಾತ್ರಿಯ ಸ್ಥಿತಿಗೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ದಿನವೂ ಕುಡಿಯುತ್ತಿದ್ದ ಮನುಷ್ಯನಿಗೆ ಮದ್ಯ ಥಟ್ಟನೆ ನಿಂತುಹೋದಾಗ ಮಿದುಳು ಹೀಗೆ ಕೆರಳುತ್ತದೆ. ಸರಿಯಾದ ಔಷಧಿ ಸಿಗದಿದ್ದರೆ ಜೀವಕ್ಕೇ ಅಪಾಯ. ನನ್ನನ್ನು ಕಾಡಿದ್ದು ಈ ಕಾಯಿಲೆಗಿಂತ ಹೆಚ್ಚಾಗಿ ಅದಕ್ಕೆ ಮೊದಲು ನಡೆದಿರುತ್ತಿದ್ದ ಮಾತು. ಸೇರಿಸಿಕೊಳ್ಳುವಾಗ "ಕುಡೀತಾರಾ?" ಎಂದು ನಾವು ಕೇಳಿಯೇ ಇರುತ್ತೇವೆ. "ಅಯ್ಯೋ ಇಲ್ಲ ಸಿಸ್ಟರ್, ಹಬ್ಬ ಹುಣ್ಣಿಮೆಗೆ ಒಂಚೂರು" ಎಂದು ಮನೆಯವರು ಹೇಳಿರುತ್ತಾರೆ.

ಅವರೆಲ್ಲ ಸುಳ್ಳು ಹೇಳುತ್ತಿದ್ದರು ಎಂದು ನಾನು ತಿಳಿದಿಲ್ಲ. ಅವರ ಕಣ್ಣಿನಲ್ಲಿ ಕುಡುಕ ಎಂದರೆ ಚರಂಡಿ ಪಕ್ಕ ಬಿದ್ದವನು, ಹೆಂಡತಿಗೆ ಹೊಡೆಯುವವನು, ಹೊಲ ಮಾರಿದವನು. ಮನೆಯ ಗಂಡಸು ಇದ್ಯಾವುದನ್ನೂ ಮಾಡಿರುವುದಿಲ್ಲ. ಹಾಲು ಕರೆದು ಡೇರಿಗೆ ಹಾಕುತ್ತಾನೆ, ಮಕ್ಕಳ ಫೀಸು ಕಟ್ಟುತ್ತಾನೆ, ರಾತ್ರಿ ಸದ್ದಿಲ್ಲದೆ ಬಂದು ಉಂಡು ಮಲಗುತ್ತಾನೆ. ಹೀಗಿರುವವನನ್ನು ಚಟಕ್ಕೆ ಬಿದ್ದವನು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಮೂರನೆಯ ರಾತ್ರಿ ಹಸು ಹುಡುಕಿಕೊಂಡು ಹೊರಟವರಲ್ಲಿ ಇಂಥ ಸಂಭಾವಿತರೇ ಹೆಚ್ಚು. ತಿಂಗಳಿಗೊಮ್ಮೆ ಕುಡಿದು ಬೀದಿ ರಂಪ ಮಾಡಿ ತಲೆ ಒಡೆದುಕೊಂಡು ಬಂದವನು ಹೊಲಿಗೆ ಹಾಕಿಸಿಕೊಂಡು, ಮೂರು ದಿನ ಹಾಯಾಗಿ ಮಲಗಿ ಮನೆಗೆ ಹೋಗುತ್ತಿದ್ದ. ಅವನ ಕುಡಿತವೂ ಕೆಟ್ಟದ್ದೇ. ಆದರೆ ಅವನ ಮೈ ಇನ್ನೂ ಮದ್ಯಕ್ಕೆ ಒಗ್ಗಿಹೋಗಿಲ್ಲ.

ಮದ್ಯವ್ಯಸನದ ಗುರುತು ಹುಡುಕುವವರು ಸಾಮಾನ್ಯವಾಗಿ ರಾತ್ರಿಯನ್ನು ನೋಡುತ್ತಾರೆ. ಎಷ್ಟು ಹೊತ್ತಿಗೆ ಬಂದ, ವಾಸನೆ ಬಂತೇ, ತೂರಾಡಿದನೇ ಎಂದು. ನಾನು ಹೇಳುವುದು, ಬೆಳಗನ್ನು ನೋಡಿ.

ಅದಕ್ಕೆ ಕಾರಣವಿದೆ. ಮದ್ಯವು ಮಿದುಳನ್ನು ಮಂದ ಮಾಡುವ ವಸ್ತು. ದಿನವೂ ಅದು ಬರತೊಡಗಿದರೆ ಮಿದುಳು ಸುಮ್ಮನೆ ಕೂರುವುದಿಲ್ಲ, ತನ್ನ ಚುರುಕನ್ನು ಉಳಿಸಿಕೊಳ್ಳಲು ಎದುರು ಬಲ ಹಾಕುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಬಲ ಹಾಕಿ ಎಳೆಯುತ್ತಿರುವಾಗ ಹಗ್ಗ ಅಲ್ಲಾಡದೆ ನಿಂತಂತೆ ಕಾಣುತ್ತದಲ್ಲ, ಹಾಗೆ ಮನುಷ್ಯ ನೆಟ್ಟಗೇ ಇರುತ್ತಾನೆ. ಒಂದು ಕಡೆಯವರು ಕೈಬಿಟ್ಟರೆ ಇನ್ನೊಂದು ಕಡೆಯವರು ಅಂಗಾತ ಬೀಳುತ್ತಾರೆ. ಮದ್ಯ ನಿಂತಾಗ ಮೈಯಲ್ಲಿ ಆಗುವುದೂ ಅದೇ. ಕೊನೆಯ ಗುಟುಕಾದ ಆರೆಂಟು ಗಂಟೆಗೆ ನಡುಕ, ಬೆವರು, ಎದೆಬಡಿತ ಶುರುವಾಗುತ್ತವೆ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕು ದಿನದ ಹೊತ್ತಿಗೆ, ನಾನು ಆಗ ಹೇಳಿದ ಭ್ರಮೆ. ರಾತ್ರಿ ಹತ್ತಕ್ಕೆ ಕುಡಿದು ಮಲಗಿದವನಿಗೆ ಬೆಳಗಿನ ಆರು ಗಂಟೆಯೆಂದರೆ ಎಂಟು ಗಂಟೆ ಮದ್ಯವಿಲ್ಲದೆ ಕಳೆದಂತೆ. ಮೈ ತನ್ನ ಗುಟ್ಟನ್ನು ಬಿಟ್ಟುಕೊಡುವ ಹೊತ್ತು ಅದು.

ಹಲ್ಲುಜ್ಜುವಾಗ ಓಕರಿಕೆ ಬರುವುದು ಬಹಳ ಹಳೆಯ ಗುರುತು. ಬಚ್ಚಲಿನಿಂದ ದಿನಾ "ವ್ಯಾಕ್" ಎಂಬ ಸದ್ದು ಕೇಳಿ ಮನೆಮಂದಿಗೆ ಅದು ಅಭ್ಯಾಸವಾಗಿರುತ್ತದೆ. ಪಿತ್ತ ಹೆಚ್ಚಾಗಿದೆ ಎಂದು ಜೀರಿಗೆ ಕಷಾಯ ಕಾಯಿಸಿಕೊಡುತ್ತಾರೆ. ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿಯುವುದು, ಅಥವಾ ಲೋಟ ಎತ್ತದೆ ಬಾಯಿಯನ್ನೇ ಲೋಟದ ಹತ್ತಿರ ತರುವುದು. ಗಡ್ಡ ಕೆರೆಯುವಾಗ ಕೊಯ್ದುಕೊಂಡು, ಕೊನೆಗೆ ಸಲೂನಿಗೆ ಹೋಗುವುದನ್ನು ರೂಢಿ ಮಾಡಿಕೊಳ್ಳುವುದು. ತಿಂಡಿ ಬೇಡ ಎನ್ನುವುದು, ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುವುದು, "ಈಗ ಬಂದೆ" ಎಂದು ಹೊರಗೆ ಹೋಗಿ ಅರ್ಧ ಗಂಟೆಯಲ್ಲಿ ಬೇರೆಯೇ ಮನುಷ್ಯನಾಗಿ ನಗುತ್ತ ಬರುವುದು. ಈ ಕೊನೆಯದು ಕಂಡರೆ ಬೇರೆ ಲೆಕ್ಕ ಬೇಕಿಲ್ಲ. ಬೆಳಿಗ್ಗೆ ಶಟರ್ ಎತ್ತುವುದನ್ನೇ ಕಾಯುತ್ತ ಅಂಗಡಿಯ ಮುಂದೆ ನಿಂತವರನ್ನು ನೀವೂ ನೋಡಿರುತ್ತೀರಿ. ಅವರು ಮಜಾ ಮಾಡಲು ಬಂದವರಲ್ಲ, ಕೈ ನಿಲ್ಲಿಸಿಕೊಳ್ಳಲು ಬಂದವರು. ಬ್ಯಾಂಕಿನಲ್ಲಿ ಸಹಿ ಹಾಕುವ ಮುಂಚೆ ಒಂದು ನೈಂಟಿ ಹಾಕಿಕೊಂಡೇ ಹೋಗಬೇಕಾಗಿದ್ದ ಮೇಷ್ಟ್ರೊಬ್ಬರು ನಮ್ಮ ವಾರ್ಡಿಗೆ ಬಂದಿದ್ದರು. ಸಹಿ ಹೊಂದುತ್ತಿಲ್ಲ ಎಂದು ಚೆಕ್ಕು ವಾಪಸು ಬಂದಾಗ ಅವರ ಮಗಳಿಗೆ ಅನುಮಾನ ಬಂದಿತ್ತು. ಆ ಮಗಳ ಕಣ್ಣು ಚುರುಕು. ಅಪ್ಪ ಕುಡಿಯುವುದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ, ಕೈಯನ್ನು ಮಾತ್ರ ನೋಡಿದ್ದಳು.

ಈ ಬೆಳಗಿನ ಗುಟುಕಿನ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ದೊಡ್ಡ ಜಾಗವಿದೆ. ಅಮೆರಿಕದ ವೈದ್ಯ ಜಾನ್ ಯೂಯಿಂಗ್ 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳನ್ನು ಇಂದಿಗೂ ಆಸ್ಪತ್ರೆಗಳಲ್ಲಿ ಕೇಳುತ್ತಾರೆ. ಕುಡಿತ ಕಡಿಮೆ ಮಾಡಬೇಕು ಎಂದು ಎಂದಾದರೂ ಅನಿಸಿದೆಯೇ? ನಿಮ್ಮ ಕುಡಿತದ ಬಗ್ಗೆ ಯಾರಾದರೂ ಆಡಿದ್ದಕ್ಕೆ ಸಿಟ್ಟು ಬಂದಿದೆಯೇ? ಕುಡಿದದ್ದಕ್ಕೆ ತಪ್ಪು ಮಾಡಿದೆ ಎಂಬ ಭಾವ ಕಾಡಿದೆಯೇ? ಬೆಳಿಗ್ಗೆ ಎದ್ದಕೂಡಲೇ ನರ ಸಡಿಲಾಗಲೆಂದೋ ತಲೆಭಾರ ಇಳಿಯಲೆಂದೋ ಕುಡಿದದ್ದಿದೆಯೇ? ಎರಡಕ್ಕೆ ಹೌದು ಎಂದರೆ ವೈದ್ಯರ ಬಳಿ ಕೂತು ಮಾತಾಡಲೇಬೇಕು. ಮೊದಲ ಮೂರಕ್ಕೆ ಬಾಯಿ ಬಿಡದವರೂ ನಾಲ್ಕನೆಯದನ್ನು ಕೇಳಿದಾಗ ತಲೆ ತಗ್ಗಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇನ್ನೊಂದು ಗುರುತನ್ನು ನಮ್ಮ ಕಡೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. "ನಮ್ಮಣ್ಣಂಗೆ ಎಷ್ಟ್ ಹಾಕುದ್ರೂ ಏರಲ್ಲ, ಅವನೇ ಎಲ್ಲಾರ್ನೂ ಮನೆಗೆ ಬಿಟ್ಟು ಬತ್ತಾನೆ." ಬೀಗರ ಊಟದಲ್ಲಿ ಈ ಮಾತು ಬಂದರೆ ಸುತ್ತ ಕೂತವರು ಮೆಚ್ಚುತ್ತಾರೆ. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಏರುವುದಿಲ್ಲ ಎಂದರೆ ಆ ಮೈ ಈಗಾಗಲೇ ಮದ್ಯಕ್ಕೆ ತನ್ನನ್ನು ಹೊಂದಿಸಿಕೊಂಡಿದೆ ಎಂದರ್ಥ. ಮೊದಲು ನೈಂಟಿಗೆ ಸಿಗುತ್ತಿದ್ದದ್ದಕ್ಕೆ ಈಗ ಕ್ವಾರ್ಟರ್ ಬೇಕು, ಮುಂದೆ ಅದೂ ಸಾಲದು. ವರ್ಷಗಳು ಕಳೆದ ಮೇಲೆ ಇದು ತಿರುಗಿ ಬೀಳುವುದೂ ಉಂಟು. ಕ್ವಾರ್ಟರ್ ಕುಡಿದು ಗಟ್ಟಿಯಾಗಿ ನಿಲ್ಲುತ್ತಿದ್ದವನು ನೈಂಟಿಗೇ ಮಲಗಿಬಿಡುತ್ತಾನೆ. ಮನೆಯವರು "ಈಗ ಕಮ್ಮಿ ಮಾಡವ್ರೆ" ಎಂದು ಸಮಾಧಾನಪಡುತ್ತಾರೆ. ಕಮ್ಮಿಯಾದದ್ದು ಯಕೃತ್ತಿನ ಶಕ್ತಿ. ಆ ಹೊತ್ತಿಗೆ ಅಂಗೈ ಕೆಂಪಾಗಿ, ಕಿವಿಯ ಕೆಳಗೆ ಕೆನ್ನೆ ಊದಿ ಮುಖ ತುಂಬಿಕೊಂಡಂತೆ ಕಾಣುತ್ತದೆ, ಕೈಕಾಲು ಮಾತ್ರ ಸಣ್ಣಗಾಗುತ್ತವೆ. ಪಾದ ಜೋಮು ಹಿಡಿದು, ಚಪ್ಪಲಿ ಕಾಲಿಂದ ಜಾರಿಹೋದರೂ ಗೊತ್ತಾಗುವುದಿಲ್ಲ. ಇದು ಕೊನೆಯ ಹಂತಗಳ ಮಾತು. ನಾವು ಅಲ್ಲಿಯವರೆಗೆ ಕಾಯಬಾರದು.

ಅಳತೆಯ ವಿಷಯ ಒಂದಿಷ್ಟು ಹೇಳಬೇಕು, ಏಕೆಂದರೆ "ಬರೀ ಬಿಯರು ಸಿಸ್ಟರ್" ಎಂಬ ಉತ್ತರ ನಾನು ತುಂಬ ಕೇಳಿದ್ದೇನೆ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಮದ್ಯಸಾರ. 30 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ, 180ರ ಕ್ವಾರ್ಟರಿನಲ್ಲಿ 60 ಗ್ರಾಂ. ಶೇಕಡ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ. ಅಂದರೆ ದಿನಕ್ಕೆ ಎರಡು ಸ್ಟ್ರಾಂಗ್ ಬಿಯರ್ ಕುಡಿಯುವವನು ಕ್ವಾರ್ಟರಿಗಿಂತ ಹೆಚ್ಚೇ ಕುಡಿಯುತ್ತಿದ್ದಾನೆ. ಯಕೃತ್ತಿಗೆ ಬಾಟಲಿಯ ಬಣ್ಣ ಕಾಣುವುದಿಲ್ಲ.

ಬದುಕು ಕಿರಿದಾಗುವುದು ಮತ್ತೊಂದು ದೊಡ್ಡ ಸುಳಿವು. ಇಂಗ್ಲೆಂಡಿನ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಅಮೆರಿಕದ ಮಿಲ್ಟನ್ ಗ್ರಾಸ್ 1976ರಲ್ಲಿ ಮದ್ಯಾವಲಂಬನೆಯ ಲಕ್ಷಣಗಳನ್ನು ಬರೆದಾಗ ಎಲ್ಲಕ್ಕಿಂತ ಮೊದಲು ಹೇಳಿದ್ದು ಕುಡಿತದ ರೀತಿ ಕಿರಿದಾಗುವುದನ್ನು. ಶುರುವಿನಲ್ಲಿ ಮನುಷ್ಯ ಒಂದು ದಿನ ಮದುವೆಯಲ್ಲಿ, ಇನ್ನೊಂದು ದಿನ ಗೆಳೆಯರ ಜೊತೆ, ಹೀಗೆ ನಾನಾ ಸಂದರ್ಭಕ್ಕೆ ಕುಡಿಯುತ್ತಾನೆ. ಬರಬರುತ್ತ ವಾರದ ಏಳೂ ದಿನ ಅದೇ ಹೊತ್ತು, ಅದೇ ಅಂಗಡಿ, ಅದೇ ಸರಕು. ಜೊತೆಗಾರರು ಬೇಕಾಗುವುದಿಲ್ಲ. ಕೌಂಟರಿನ ಮುಂದೆ ನಿಂತೇ ಮುಗಿಸಿ ಬರುವುದು ಸಾಕು. ಅಂಗಡಿ ಇಲ್ಲದ ಊರಿನ ನೆಂಟರ ಮದುವೆಗೆ ಮೈ ಸರಿಯಿಲ್ಲ ಎನ್ನುತ್ತಾನೆ. ಅಕ್ಟೋಬರ್ 2ಕ್ಕೆ, ಚುನಾವಣೆಗೆ ಅಂಗಡಿ ಮುಚ್ಚುತ್ತದೆ ಎಂದರೆ ಹಿಂದಿನ ದಿನವೇ ತಂದಿಟ್ಟಿರುತ್ತಾನೆ. ಭಜನೆ, ವಾಲಿಬಾಲು, ಸಂತೆಯ ಹರಟೆ ಒಂದೊಂದಾಗಿ ಬಿಟ್ಟುಹೋಗುತ್ತವೆ. ಇದು ನಿಧಾನಕ್ಕೆ ಆಗುವುದರಿಂದ ಮನೆಯವರಿಗೆ ಕಾಣುವುದಿಲ್ಲ. "ನಿಮ್ಮ ಯಜಮಾನ್ರು ಐದು ವರ್ಷದ ಹಿಂದೆ ಭಾನುವಾರ ಏನ್ ಮಾಡ್ತಿದ್ರು?" ಎಂದು ಕೇಳಿದರೆ ಹೆಂಗಸರು ತಟ್ಟನೆ ನೆನಪಿಸಿಕೊಂಡು ಅಳಲು ಶುರುಮಾಡುತ್ತಿದ್ದರು. ಆ ಪ್ರಶ್ನೆಯನ್ನು ನೀವೂ ನಿಮ್ಮ ಮನೆಯಲ್ಲಿ ಕೇಳಿಕೊಳ್ಳಬಹುದು.

ಬಚ್ಚಿಡುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೈಕಿನ ಸೀಟಿನಡಿ, ಹೊಟ್ಟಿನ ಚೀಲ, ಅರ್ಧ ಖಾಲಿಯಾದ ಜ್ಯೂಸಿನ ಬಾಟಲಿ, ಇವೆಲ್ಲ ಹೆಂಗಸರಿಗೆ ಗೊತ್ತಿರುವ ಜಾಗಗಳೇ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಹಳ್ಳಿಯ ಹೆಂಗಸರು ಎಷ್ಟು ಸಂತೋಷಪಟ್ಟಿದ್ದರು ಎಂಬುದು ನನಗೆ ನೆನಪಿದೆ. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಈಗ ಅದು ಅಂಗಿ ಜೇಬಿನಲ್ಲಿ ಸದ್ದಿಲ್ಲದೆ ಕೂರುವ ಟೆಟ್ರಾ ಪ್ಯಾಕಿನಲ್ಲಿ ಸಿಗುತ್ತದೆ.

ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದದ್ದು ಹರಕೆಯ ವಿಷಯ. ಕಾರ್ತಿಕದ ಹೊತ್ತಿಗೆ ಊರೂರಲ್ಲೂ ಅಯ್ಯಪ್ಪನ ಮಾಲೆ ಹಾಕುತ್ತಾರೆ. ಶ್ರಾವಣದಲ್ಲಿ ಕುಡಿತ ಬಿಡುವವರಿದ್ದಾರೆ. ಧರ್ಮಸ್ಥಳಕ್ಕೆ ಹೋಗಿ ಆಣೆ ಇಟ್ಟು ಬರುವವರಿದ್ದಾರೆ. ಮಾಲೆಯಿಂದಲೇ ಬದುಕು ತಿರುಗಿದವರನ್ನು ನಾನು ಬಲ್ಲೆ. ಆ ನಂಬಿಕೆಯನ್ನು ಹಗುರ ಮಾಡಿ ಮಾತಾಡುವವಳು ನಾನಲ್ಲ. ಆದರೆ ಎರಡು ಮಾತು. "ಮಂಡಲ ಪೂರ್ತಿ ಮುಟ್ಟಿಲ್ಲ, ನಾನ್ಯಾಕೆ ಚಟದವನು?" ಎಂಬ ವಾದ ನಿಲ್ಲುವುದಿಲ್ಲ. ಮಾಲೆ ಹಾಕಿದ ಮೊದಲ ಮೂರು ದಿನ ಮೈ ಹೇಗಿತ್ತು, ಮಾಲೆ ತೆಗೆದ ಸಂಜೆ ಕಾಲು ಎಲ್ಲಿಗೆ ಹೋಯಿತು ಎಂದು ಕೇಳಬೇಕು. ಬಿಡಲು ಬಂದದ್ದಕ್ಕಿಂತ, ಬಿಟ್ಟ ಮೇಲೆ ಒಂದು ಗುಟುಕಿಗೆ ನಿಲ್ಲಿಸಲು ಬರುತ್ತದೆಯೇ ಎಂಬುದು ದೊಡ್ಡ ಪರೀಕ್ಷೆ. ಇನ್ನೊಂದು, ಬೆಳಿಗ್ಗೆ ನಡುಕ ಬರುವಷ್ಟು ಒಗ್ಗಿಹೋದವನು ಯಾರಿಗೂ ಹೇಳದೆ ಒಂದೇ ಏಟಿಗೆ ನಿಲ್ಲಿಸಬಾರದು. ಕಪ್ಪು ಪಂಚೆ ಉಟ್ಟು, ಕೊರಳಲ್ಲಿ ತುಳಸಿಮಣಿ ಇದ್ದ ಮೂವತ್ತರ ಹುಡುಗನನ್ನು ಎರಡನೆಯ ದಿನ ಪೂಜೆಯ ಚಪ್ಪರದಿಂದ ಫಿಟ್ಸ್ ಬಂದು ಎತ್ತಿಕೊಂಡು ಬಂದಿದ್ದರು. ಸ್ವಾಮಿಗೆ ಏನೋ ಅಪಚಾರವಾಗಿದೆ ಎಂದು ಗುರುಸ್ವಾಮಿಯೂ ಹೆದರಿದ್ದರು. ಅಪಚಾರವೇನೂ ಆಗಿರಲಿಲ್ಲ. ಮಾಲೆಗೆ ಒಂದು ವಾರ ಮೊದಲೇ ವೈದ್ಯರನ್ನು ಕಂಡಿದ್ದರೆ ಕೆಲವು ದಿನದ ಮಾತ್ರೆಯಲ್ಲಿ ಆ ಫಿಟ್ಸನ್ನು ತಡೆಯಬಹುದಿತ್ತು.

2020ರ ಲಾಕ್‌ಡೌನಿನಲ್ಲಿ ಇಡೀ ರಾಜ್ಯಕ್ಕೇ ಮಾಲೆ ಹಾಕಿದಂತಾಗಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿ ಮುಚ್ಚಿದವು. ಆಗ ಫಿಟ್ಸ್, ಭ್ರಮೆ ಎಂದು ಆಸ್ಪತ್ರೆಗೆ ಬಂದವರನ್ನು, ನೇಣಿಗೆ ಕೊರಳೊಡ್ಡಿದವರ ಸುದ್ದಿಯನ್ನು ನೆನೆಸಿಕೊಂಡರೆ, ಯಾರೂ ಲೆಕ್ಕಕ್ಕಿಟ್ಟಿರದ ಎಷ್ಟು ಮನೆಗಳಲ್ಲಿ ಈ ಕಾಯಿಲೆ ಇತ್ತು ಎಂಬುದು ಗೊತ್ತಾಗುತ್ತದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 2.9 ಕೋಟಿ ಜನ ಅದಕ್ಕೆ ಪೂರ್ತಿ ಅಂಟಿಹೋದವರು. ಹಾಗೆ ಅಂಟಿಹೋದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ, ಸಹಾಯ ಸಿಕ್ಕಿದೆ. ಉಳಿದ 37 ಜನ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತ, ಕಾಮಾಲೆಗೆ ನಾಟಿ ಔಷಧಿ ಕುಡಿಯುತ್ತ, ಬಿದ್ದ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳುತ್ತ ಇರುತ್ತಾರೆ ಎಂದು ವಾರ್ಡಿನಲ್ಲಿ ಕಂಡ ನನಗೆ ಅನಿಸುತ್ತದೆ.

ಹೆಂಗಸರೂ ಕುಡಿಯುತ್ತಾರೆ, ಕಾಫಿ ತೋಟದ ಲೈನು ಮನೆಗಳಲ್ಲೂ ಪೇಟೆಯ ಫ್ಲ್ಯಾಟುಗಳಲ್ಲೂ. ಗಂಡಸರಿಗಿಂತ ಕಡಿಮೆ ಪ್ರಮಾಣದಲ್ಲಿ, ಕಡಿಮೆ ವರ್ಷದಲ್ಲಿ ಅವರ ಯಕೃತ್ತು ಕೆಡುತ್ತದೆ. ಮಾನದ ಭಯಕ್ಕೆ ಅವರನ್ನು ಮನೆಯವರು ಕೊನೆಯ ಗಳಿಗೆಯವರೆಗೂ ಕರೆತರುವುದಿಲ್ಲ. ಅವರ ಬೆಳಗೂ ಇದೇ ಬೆಳಗು, ಗುರುತುಗಳೂ ಇವೇ.

ಸಂಕಟ ತಾಳಲಾರದೆ ಹೆಂಡತಿಯರು ಮಾಡುವ ಒಂದು ಕೆಲಸವಿದೆ. "ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಎಂಬ ಜಾಹೀರಾತು ನೋಡಿ ತರಿಸಿದ ಪುಡಿಯನ್ನೋ, ಯಾರೋ ಕೊಟ್ಟ ಮಾತ್ರೆಯನ್ನೋ ಸಾರಿನಲ್ಲಿ ಕಲಸಿಬಿಡುವುದು. ಡೈಸಲ್ಫಿರಾಂ ಎಂಬ ಮಾತ್ರೆ ನಿಜವಾಗಿಯೂ ಚಿಕಿತ್ಸೆಯಲ್ಲಿ ಇದೆ. ಅದು ಒಳಗಿರುವಾಗ ಮದ್ಯ ಸೇರಿದರೆ ಮುಖ ಕೆಂಪೇರಿ, ಎದೆ ಡವಡವ ಹೊಡೆದು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ಸರಿಯಿಲ್ಲದವರು ಸತ್ತೇಹೋಗಬಹುದು. ಅದನ್ನು ತೆಗೆದುಕೊಳ್ಳುವವನಿಗೆ ತಿಳಿಸಿ, ಒಪ್ಪಿಸಿ, ವೈದ್ಯರೇ ಕೊಡಬೇಕು. ಅಮ್ಮಂದಿರೇ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಕದ್ದು ಕಲಸಬೇಡಿ.

ಮಾತಾಡುವುದಾದರೆ ಕುಡಿದಿರುವಾಗ ಬೇಡ. ಮಾರನೆಯ ದಿನ ರಾತ್ರಿಯ ಮಾತುಗಳು ಅವನಿಗೆ ನೆನಪೇ ಇಲ್ಲದಿರಬಹುದು. ಅದು ನಾಟಕವಲ್ಲ, ಮದ್ಯ ಹೆಚ್ಚಾದಾಗ ಮಿದುಳು ಆ ಹೊತ್ತಿನ ನೆನಪನ್ನು ಬರೆದಿಟ್ಟುಕೊಳ್ಳುವುದನ್ನೇ ನಿಲ್ಲಿಸುತ್ತದೆ. ನೆಂಟರನ್ನು ಕೂಡಿಸಿ ಪಂಚಾಯಿತಿ ಮಾಡುವುದೂ ಬೇಡ, ಅವಮಾನವಾದವನು ಎದ್ದು ಹೋಗುವುದು ಅದೇ ಅಂಗಡಿಗೆ. ನೀವಿಬ್ಬರೇ ಕೂತು, ಕಂಡದ್ದನ್ನು ಕಂಡಷ್ಟೇ ಹೇಳಿ. "ನೀನು ಕುಡುಕ" ಎಂದರೆ ಜಗಳ. "ಈ ವಾರ ಮೂರು ದಿನ ಬೆಳಿಗ್ಗೆ ಲೋಟ ಹಿಡಿಯೋಕೆ ಆಗ್ಲಿಲ್ಲ ನಿಮಗೆ, ನಂಗೆ ಭಯ ಆಗ್ತಿದೆ" ಎಂದರೆ ಅವನ ಹತ್ತಿರ ಉತ್ತರ ಕಡಿಮೆ.

ಚಿಕಿತ್ಸೆ ಹತ್ತಿರದಲ್ಲೇ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ, ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಎಂದು ಕೇಳಿಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರವಿದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ, ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಗೆ ಹೋಗಿ ಗಟ್ಟಿಯಾದವರನ್ನು ಕಂಡಿದ್ದೇನೆ. ಶಿಬಿರಕ್ಕೆ ಸೇರುವಾಗ, ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಅಲ್ಲಿಯವರಿಗೆ ತಪ್ಪದೆ ಹೇಳಿ. ಮದ್ಯ ನಿಲ್ಲಿಸುವ ಮೊದಲ ವಾರ, ಹತ್ತು ದಿನದ ಚಿಕಿತ್ಸೆ ಬರೀ ಆರಂಭ. ಮತ್ತೆ ಕುಡಿಯದಂತೆ ತಡೆಯುವ ಔಷಧಿ, ಆಪ್ತಸಮಾಲೋಚನೆ ತಿಂಗಳುಗಟ್ಟಲೆ ಬೇಕು. ನಡುವೆ ಒಮ್ಮೆ ಜಾರಿದರೆ ಎಲ್ಲ ಮುಗಿಯಿತು ಎಂದು ಕೈಬಿಡಬೇಡಿ. ಸಕ್ಕರೆ ಕಾಯಿಲೆಯವನ ಸಕ್ಕರೆ ಏರಿದರೆ ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ, ಇವನನ್ನೂ ಹಾಗೆಯೇ ಕರೆದುಕೊಂಡು ಹೋಗಬೇಕು.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಮಾಡದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಬಹುದಿನದಿಂದ ಸರಿಯಾಗಿ ಉಣ್ಣದೆ ಕುಡಿಯುತ್ತಿದ್ದವನು ಮಂಕಾಗಿ, ಎರಡೆರಡು ಕಾಣುತ್ತದೆ ಎಂದು, ಕಾಲು ಅಗಲಿಸಿ ತೂಗಾಡುತ್ತ ನಡೆದರೆ ಅದನ್ನು ನಿಶೆ ಎಂದು ಬಿಡಬೇಡಿ. ಬಿ1 ವಿಟಮಿನ್ ಬರಿದಾದಾಗ ಹೀಗಾಗುತ್ತದೆ. ಅದರ ಇಂಜೆಕ್ಷನ್ ತಡವಾದರೆ ನೆನಪಿನ ಶಕ್ತಿ ಮತ್ತೆ ಬಾರದೆಯೇ ಹೋಗಬಹುದು.

ಯಾವ ಕಾಯಿಲೆಗೇ ಆಗಲಿ, ಅಪಘಾತಕ್ಕೇ ಆಗಲಿ, ಶಸ್ತ್ರಚಿಕಿತ್ಸೆಗೇ ಆಗಲಿ, ನಿಮ್ಮವರನ್ನು ಆಸ್ಪತ್ರೆಗೆ ಸೇರಿಸುವಾಗ ಒಂದು ಚೀಟಿಯಲ್ಲಿ ಬರೆದು ತನ್ನಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದದ್ದು ಯಾವ ದಿನ ಎಷ್ಟು ಹೊತ್ತಿಗೆ, ಹಿಂದೆ ಫಿಟ್ಸ್ ಬಂದಿತ್ತೇ, ಬೇರೆ ಯಾವ ಮಾತ್ರೆ ನುಂಗುತ್ತಾರೆ. ಎಲ್ಲರೆದುರು ಬಾಯಲ್ಲಿ ಹೇಳಲು ನಾಚಿಕೆಯಾದರೆ ಚೀಟಿಯನ್ನು ವಾರ್ಡಿನ ಸಿಸ್ಟರ್ ಕೈಗೆ ಕೊಡಿ. ಕೊನೆಯ ಗುಟುಕಿನ ಹೊತ್ತು ಗೊತ್ತಿದ್ದರೆ ಮೂರನೆಯ ರಾತ್ರಿ ಬರುವ ಮೊದಲೇ ಅವರು ಔಷಧಿ ಶುರುಮಾಡುತ್ತಾರೆ.